ಪರೀಕ್ಷಿಸಿದವರು: ಮನೀಷಾ ಕಾಮಣ್ಣ ಪೂಜಾರಿ

ಪಾಟೀಲರ ವಾಡೆಯಲ್ಲಿ ಅವನನ್ನು ಕಾಮಣ್ಣ ಎಂದು ಕರೆದವರಿಲ್ಲ. ಕಲ್ಯಾಣಪ್ಪ ಪಾಟೀಲನಿಗೆ ಅವನು ಕಾಮ್ಯಾ, ಪಾಟೀಲನ ಹೆಂಡತಿಗೆ ಕಾಮ್ಯಾ, ಇನ್ನೂ ಮಾತು ಕಲಿಯುತ್ತಿದ್ದ ಮೊಮ್ಮಗುವಿಗೂ ಕಾಮ್ಯಾ. ಆ ಕೂಸು ಮೊದಲ ಸಲ ಹಾಗೆ ತೊದಲಿದ ದಿನ ವಾಡೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕಾಮಣ್ಣನೂ ತಲೆಯ ಪಟಕಾ ಸರಿಮಾಡಿಕೊಂಡು ನಕ್ಕಿದ್ದ. ಅಂಗಳದಲ್ಲಿ ಜೋಳದ ಚೀಲಕ್ಕೆ ಕೈಕೊಟ್ಟು ನಿಂತಿದ್ದ ಮಗಳು ಮನೀಷಾ ಒಬ್ಬಳೇ ನಗಲಿಲ್ಲ.

ಮಹಾರಾಷ್ಟ್ರದ ಶಾಲೆಗಳಲ್ಲಿ ಒಂದು ರೂಢಿಯಿದೆ. ಮಕ್ಕಳ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಅಪ್ಪನ ಹೆಸರು ಇಡಿಯಾಗಿ ಕೂತಿರುತ್ತದೆ. ಗುರೂಜಿ ಹಾಜರಿ ಕೂಗುವಾಗ ‘ಮನೀಷಾ ಕಾಮಣ್ಣ ಪೂಜಾರಿ’ ಎಂದು ಪೂರ್ತಿ ಕೂಗಲೇಬೇಕಿತ್ತು. ಅವಳು ಮೊದಲ ಕೂಗಿಗೆ ಓಗೊಡುತ್ತಿರಲಿಲ್ಲ. ಗುರೂಜಿ ಎರಡನೆಯ ಸಲ ಕೂಗಲಿ, ಅಪ್ಪನ ಹೆಸರು ಇನ್ನೊಮ್ಮೆ ಗಟ್ಟಿಯಾಗಿ ಕೇಳಲಿ ಎಂಬುದು ಅವಳ ಆಸೆ. ಆ ಆಸೆಗೆ ಬೆನ್ನ ಮೇಲೆ ಗುದ್ದು ಬೀಳುತ್ತಿತ್ತು. ಬೀಳಲಿ ಎಂದುಕೊಂಡಿದ್ದಳು.

ಓದು ಮುಗಿಸಿ ಅವಳು ಸೇರಿದ್ದು ಸೊಲ್ಲಾಪುರದ ಆಚೆ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿದ್ದ ‘ಬೋರಿ ಕ್ಲೌಡ್’ ಎಂಬ ಕಂಪನಿ. ಮೊದಲು ಟವೆಲ್ ಗೋದಾಮಾಗಿದ್ದ ಆ ಶೆಡ್ಡಿನಲ್ಲಿ ಈಗ ಕಂಪ್ಯೂಟರುಗಳು ಗುಂಯ್‌ಗುಡುತ್ತಿದ್ದವು. ಮಾಲೀಕ ಕಲ್ಯಾಣಪ್ಪನ ಮಗ ಗುರುಶಾಂತ. ಬಂದ ಅತಿಥಿಗಳ ಮುಂದೆ ಅವಳನ್ನು ನಿಲ್ಲಿಸಿ, “ನಮ್ಮೂರ ಕುರಿಯವ್ರ ಹುಡುಗಿ. ನಾವs ಮುಂದ ತಂದೀವಿ” ಎನ್ನುವುದು ಅವನ ಚಟ.

ಅಲ್ಲಿನ ಕೆಲಸ ಇಷ್ಟು: ಒಂದು ದೊಡ್ಡ ಯಂತ್ರದ ಹೊಟ್ಟೆಯೊಳಗೆ ಹತ್ತಾರು ಮಾಯಾ ಯಂತ್ರಗಳನ್ನು, ಅಂದರೆ ವರ್ಚುವಲ್ ಕಂಪ್ಯೂಟರುಗಳನ್ನು, ನಡೆಸುವುದು. ಒಂದು ಮಾಯಾ ಯಂತ್ರ ಟವೆಲ್ ವ್ಯಾಪಾರಿಯದು, ಒಂದು ನವಿ ಪೇಠದ ಬಟ್ಟೆ ಅಂಗಡಿಯದು, ಒಂದು ಕಾಲೇಜಿನದು. ಪ್ರತಿಯೊಂದಕ್ಕೂ ತನ್ನದೇ ಡಿಸ್ಕ್. ಇದನ್ನೆಲ್ಲ ನಡೆಸುವ ತಂತ್ರಾಂಶ ಯಾರ ಸ್ವತ್ತೂ ಅಲ್ಲ. ದೇಶ ದೇಶಗಳ ಜನ ಸೇರಿ ಬರೆದು, ತಿದ್ದಿ, ಬಯಲಿನಲ್ಲಿಟ್ಟ ಓಪನ್ ಸೋರ್ಸ್ ತಂತ್ರಾಂಶ. ಅದರಲ್ಲೊಂದು ರೋಗವಿತ್ತು. ಒಂದು ಡಿಸ್ಕನ್ನು ಬೇರೆ ಕಡೆ ನಕಲು ಮಾಡುವಾಗ ನಡುವೆ ನಿಲ್ಲಿಸಿದರೆ ಇಡೀ ಪ್ರೋಗ್ರಾಮ್ ದಪ್ಪನೆ ಕ್ರ್ಯಾಶ್ ಆಗುತ್ತಿತ್ತು. ಅದನ್ನು ಪತ್ತೆ ಹಚ್ಚಿ ಆ ಯೋಜನೆಯ ಮೇಲಿಂಗ್ ಲಿಸ್ಟಿಗೆ, ಅಂದರೆ ಎಲ್ಲರೂ ಎಲ್ಲರ ಪತ್ರ ಓದುವ ಅವರ ಚಾವಡಿಗೆ, ಬರೆದವಳು ಮನೀಷಾ.

ಪೋಲೆಂಡಿನ ಅಗ್ನೇಷ್ಕಾ ಎಂಬ ಹೆಂಗಸು ಆ ಭಾಗದ ಉಸ್ತುವಾರಿ. ರೋಗಕ್ಕೆ ಮದ್ದಾಗಿ ಒಂದು ಪ್ಯಾಚ್ ಬರೆದು ಕಳಿಸಿ, ಕೆಳಗೆ ಹೀಗೆ ಸೇರಿಸಿದ್ದಳು: “ಇದನ್ನು ನೀನು ಪರೀಕ್ಷಿಸಿ ನೋಡು. ಕ್ರ್ಯಾಶ್ ನಿಂತರೆ ತಿಳಿಸು, ತಂತ್ರಾಂಶದ ದಾಖಲೆಯಲ್ಲಿ ‘ಪರೀಕ್ಷಿಸಿದವರು’ ಎಂದು ನಿನ್ನ ಹೆಸರು ಹಾಕುತ್ತೇನೆ. ಹೆಸರು ಹೇಗೆ ಬರೆಯಬೇಕೋ ಹಾಗೆ ಕಳಿಸು. ಒಮ್ಮೆ ಸೇರಿತೆಂದರೆ ಯಾರೂ ಬದಲಿಸಲಾರರು.”

ಯಾರೂ ಬದಲಿಸಲಾರರು! ಮನೀಷಾ ಆ ಸಾಲನ್ನು ಓದಿದಳು, ಎದ್ದು ನೀರು ಕುಡಿದು ಬಂದು ಮತ್ತೆ ಓದಿದಳು. ಪಕ್ಕದ ಮೇಜಿನ ಉಜ್ವಲಾ ಇಣುಕಿದಳು.

“ಅಗಂ, ಕಾಯ್ ಝಾಲಂ? ಏನಾತs? ಲಗ್ನ ನಿಕ್ಕಿ ಆತೇನು? ಮುಖ ನೋಡು, ಪೇಢೆ ತಿಂದಂಗ ಆಗ್ಯಾದ.”

“ಲಗ್ನಕ್ಕಿಂತ ಚಲೋದು ಉಜ್ವಲಾ. ನಮ್ಮಪ್ಪನ ಹೆಸರು ಜಗತ್ತಿನ್ಯಾಗ ಹೋಗತದ. ಅದೂ ಪೂರಾ ಹೆಸರು.”

ಅವತ್ತೇ ಅಪ್ಪನಿಗೆ ಫೋನ್ ಮಾಡಿ ಹೇಳಿದಳು. ಅದೇ ತಪ್ಪಾಯಿತು. ಕಾಮಣ್ಣನಿಗೆ ಸಂತೋಷವನ್ನು ಒಬ್ಬನೇ ಇಟ್ಟುಕೊಂಡು ಅಭ್ಯಾಸವಿರಲಿಲ್ಲ. ಕುರಿ ಈದರೂ ವಾಡೆಗೆ ಹೋಗಿ ಹೇಳಿ ಬರುವವನು. ಸೀದಾ ಹೋದ, ಕಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತ.

“ಧಣ್ಯಾರs, ಪರದೇಶದವ್ರು ನನ್ನ ಹೆಸರು ಬರಕೋತಾರಂತ್ರಿ. ಮಗಳು ಏನೋ ರಿಪೇರಿ ಮಾಡ್ಯಾಳಂತ, ಧಣ್ಯಾರ ಕಂಪನ್ಯಾಗ.”

“ನಿಂದೇನು ಬರಕೋತಾರಲೇ ಕಾಮ್ಯಾ? ಎಷ್ಟು ಕುರಿ ಅವ ಅಂತೇನು?” ಎಂದ ಕಲ್ಯಾಣಪ್ಪ. ನಕ್ಕಾದ ಮೇಲೆ ಮಗನಿಗೆ ಫೋನ್ ಹಚ್ಚಿ ವಿಷಯ ಕೇಳಿದ.

ಗುರುಶಾಂತನಿಗೆ ಅಲ್ಲಿಯವರೆಗೆ ಆ ಪ್ಯಾಚಿನ ಸುದ್ದಿಯೇ ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಅವನ ಕಿವಿ ನೆಟ್ಟಗಾದವು. ಸೊಲ್ಲಾಪುರದ ಕ್ಯಾನ್ಸರ್ ಆಸ್ಪತ್ರೆಯೊಂದು ತನ್ನ ಕಂಪ್ಯೂಟರ್ ಕೆಲಸವನ್ನೆಲ್ಲ ಬೋರಿ ಕ್ಲೌಡ್‌ಗೆ ಕೊಡುವ ಮಾತಿತ್ತು. ಅವರ ಸಲಹೆಗಾರ ಒಂದು ಕೊಕ್ಕೆ ಹಾಕಿದ್ದ: ಈ ತಂತ್ರಾಂಶ ಕ್ರ್ಯಾಶ್ ಆಗುತ್ತದಂತಲ್ಲ, ಮುಂದಿನ ಆವೃತ್ತಿಯಲ್ಲಿ ಸರಿಹೋದರೆ ಮಾತ್ರ ಸಹಿ. ಆ ಆವೃತ್ತಿಯ ಬಾಗಿಲು ಮುಚ್ಚುವ ದಿನ ಹತ್ತಿರವಿತ್ತು. ಪರೀಕ್ಷೆಯಾಗದ ಪ್ಯಾಚನ್ನು ಅಗ್ನೇಷ್ಕಾ ಸೇರಿಸುವವಳಲ್ಲ. ರೋಗ ಹೇಳಿದವಳೇ ‘ವಾಸಿಯಾಯಿತು’ ಎಂದರೆ ಮಾತ್ರ ಅವಳಿಗೆ ನಂಬಿಕೆ.

ಮನೀಷಾ ಪರೀಕ್ಷೆ ಶುರುಮಾಡಿದಳು. ಮೊದಲು ಹಳೆಯ ಪ್ರೋಗ್ರಾಮನ್ನೇ ನಡೆಸಿ ಬೀಳಿಸಿದಳು. ಬೀಳುವುದು ಖಾತ್ರಿಯಾದ ಮೇಲೆ ಪ್ಯಾಚ್ ಹಾಕಿದಳು. ನಕಲು ಶುರುಮಾಡಿ ಆರಂಭದಲ್ಲಿ ನಿಲ್ಲಿಸಿದಳು, ನಡುವೆ ನಿಲ್ಲಿಸಿದಳು, ಮುಗಿಯುವ ಹೊತ್ತಿಗೆ ನಿಲ್ಲಿಸಿದಳು. ಪ್ರೋಗ್ರಾಮ್ ಬೀಳಲಿಲ್ಲ. ಅಗ್ನೇಷ್ಕಾಳ ಮೇಲೆ ಅವಳಿಗೆ ಪ್ರೀತಿ ಉಕ್ಕಿತು. ಕಡೆಗೆ, ನಕಲು ಹೋಗುವ ಜಾಗ ತುಂಬಿಹೋಗಿ ಇನ್ನು ಬರೆಯಲು ಎಡೆಯೇ ಇಲ್ಲದಾಗ ನಿಲ್ಲಿಸಿ ನೋಡಿದಳು. ಆಗಲೂ ಬೀಳಲಿಲ್ಲ. ‘ನಕಲು ಮುಗಿಯಿತು’ ಎಂದು ಪರದೆಯ ಮೇಲೆ ಬಂತು. ಎರಡು ಡಿಸ್ಕುಗಳನ್ನು ಹೋಲಿಸಿದಳು. ಹೊಸ ಡಿಸ್ಕಿನ ಅರ್ಧಕ್ಕರ್ಧ ಬರೀ ಸೊನ್ನೆ.

ಅವಳು ಪತ್ರ ಬರೆದಳು. ಮೊದಲ ಸಾಲು: ಕ್ರ್ಯಾಶ್ ನಿಂತಿದೆ. ಎರಡನೆಯ ಸಾಲು: ಆದರೆ ಜಾಗ ತುಂಬಿದಾಗ ಬರೆಯದೆಯೇ ಮುಗಿಯಿತು ಎನ್ನುತ್ತದೆ, ದಯವಿಟ್ಟು ಸೇರಿಸಬೇಡಿ.

ಕಳಿಸುವ ಮೊದಲು ಗುರುಶಾಂತ ಹಿಂದೆ ಬಂದು ನಿಂತಿದ್ದ. ಓದಿದ. ಅವಳ ಭುಜದ ಮೇಲಿಂದ ಕೈಚಾಚಿ ಎರಡನೆಯ ಸಾಲನ್ನು ಅಳಿಸಿದ.

“ಮೊದಲನೇ ಸಾಲು ಖರೆ ಅದನೋ ಇಲ್ಲೋ?”

“ಖರೆ ಅದ ಸರ್.”

“ಹಂಗಾರ ಅದನ್ನ ಕಳಸು. ನಾ ಸುಳ್ಳು ಹೇಳು ಅನ್ನಾಕತ್ತಿಲ್ಲ. ಅರ್ಧಾ ಖರೆ ಹೇಳು ಅನ್ನಾಕತ್ತೀನಿ. ಉಳದದ್ದು ಮುಂದಿನ ಸಲ ನೋಡಾಮು.”

“ಸರ್, ಕ್ರ್ಯಾಶ್ ಆದ್ರ ಮಂದಿಗಿ ಗೊತ್ತರೆ ಆಗತದ, ಓಡಿ ಬರತಾರ. ಇದು ಹಂಗಲ್ಲ. ಒಳಗ ಏನೂ ಇರಂಗಿಲ್ಲ, ಮ್ಯಾಲ ಮುಗೀತು ಅಂತ ತೋರಸ್ತದ. ನಂಬಿ ಹಳೇದು ಅಳಸ್ತಾರ. ಆಸ್ಪತ್ರಿ ಡಿಸ್ಕ್ ಇರೂದು ಸರ್.”

“ಜಾಗಾ ತುಂಬಲಾರದಂಗ ನೋಡಕೋತೀವಿ. ಖಾತ್ರಿ.”

“ನಮ್ಮ ಒಬ್ರದಲ್ಲ ಸರ್. ಎಲ್ಲಾ ಕಡಿ ಹೋಗತದ ಇದು.”

“ಎಲ್ಲಾ ಕಡಿ ಮಂದಿ ನಿನಗ ಪಗಾರ ಕೊಡತಾರೇನು?”

ಮನೀಷಾ ಕುರ್ಚಿ ಬಿಟ್ಟು ಎದ್ದಳು. “ಹಂಗಾದ್ರ ನಿಮ್ಮ ಹೆಸರು ಹಾಕಿ ಕಳಸ್ರಿ ಸರ್.”

ಗುರುಶಾಂತನಿಗೆ ಸಿಟ್ಟು ಬರಲಿಲ್ಲ. ಅವಳು ಏನೋ ಚೇಷ್ಟೆ ಮಾಡಿದಳೆಂಬಂತೆ ನಕ್ಕ. “ಹುಚ್ಚಿ ಇದ್ದೀ ನೋಡು. ನಾಳಿಗಿ ಏನರೆ ಆದ್ರ ಮಂದಿ ಮೊದಲ ಹೆಸರು ಹುಡಕತಾರ. ಆವಾಗ ನಂದು ಸಿಗಬೇಕೇನು?”

“ನಾ ಕಳಸಂಗಿಲ್ಲ ಸರ್.”

“ಬ್ಯಾಡ ಬಿಡು,” ಎಂದು ಅವನು ಬಾಗಿಲ ತನಕ ಹೋದ. ತಿರುಗಿ, ಮಳೆಬೆಳೆ ವಿಚಾರಿಸುವ ದನಿಯಲ್ಲಿ ಕೇಳಿದ: “ನಿಮ್ಮಪ್ಪನ ಕುರಿ ಎಲ್ಲಿ ಕೂತಾವ ಈಗ? ನಮ್ಮ ಬೀಳು ಹೊಲದಾಗ ಅಲ್ಲ?”

ಹೌದು, ಅಲ್ಲಿಯೇ. ಪ್ರತಿ ಚಳಿಗಾಲ ಕಾಮಣ್ಣ ತನ್ನ ಹಿಂಡನ್ನು ಪಾಟೀಲರ ಬೀಳು ಹೊಲದಲ್ಲಿ ಕೂಡ್ರಿಸುತ್ತಾನೆ. ಹಿಕ್ಕಿ, ಗಂಜಲ ಹೊಲಕ್ಕೆ. ಬೋರಿನ ತೊಟ್ಟಿಯ ನೀರು ಮತ್ತು ಒಂದಿಷ್ಟು ಜೋಳ ಕುರಿಯವನಿಗೆ. ಆ ಕಾಲದಲ್ಲಿ ಸುತ್ತಮುತ್ತಲೆಲ್ಲ ಹಿಂಗಾರಿ ಜೋಳ ತೆನೆಯಲ್ಲಿ ಹಾಲು ತುಂಬಿ ನಿಂತಿರುತ್ತದೆ, ಉಳಿದ ಕಡೆ ಕಬ್ಬು. ಕುರಿಗೆ ಕಾಲಿಡಲು ಪಾಟೀಲನ ಬೀಳೊಂದೇ ನೆಲ. ಅದೂ ಕುರಿ ಈಯುವ ಕಾಲ.

ಮರುದಿನ ಅವ್ವ ಸುಗಲಾಬಾಯಿಯ ಫೋನ್ ಬಂತು. ಕೇಳಿದ್ದು ಬರೀ ಅಳು ಮತ್ತು ಕುರಿಗಳ ಕೂಗು. ಮನೀಷಾ ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಹೋದಳು, ಅಲ್ಲಿಂದ ಮೈಂದರ್ಗಿ ರಸ್ತೆಯ ಟಮಟಮ್ ಹತ್ತಿದಳು. ಊರ ಹತ್ತಿರ ಬಂದಾಗ ಟಮಟಮ್ ನಿಂತಿತು. ಮುಂದೆ ಹೋಗಲು ದಾರಿಯಿರಲಿಲ್ಲ. ನೆತ್ತಿಯ ಮೇಲಿನ ಬಿಸಿಲಲ್ಲಿ, ಡಾಂಬರಿನ ಮೇಲೆ, ಇಡೀ ಹಿಂಡು ನಿಂತಿತ್ತು.

ಎರಡೂ ಬದುವಿನ ಮೇಲೆ ಜೋಳದ ಒಡೆಯರು ಬಡಿಗೆ ಹಿಡಿದು ನಿಂತಿದ್ದರು. ತೊಟ್ಟಿಗೆ ಮುಳ್ಳು ಹಾಕಲಾಗಿತ್ತು, ಬೀಳು ಹೊಲದ ಕಬ್ಬಿಣದ ಗೇಟಿಗೆ ಬೀಗ. ಕುರಿಗಳು ಬಾಯಿ ತೆರೆದು ನಾಲಿಗೆ ಚಾಚಿ ಒಂದರ ಹೊಟ್ಟೆಯ ನೆರಳಲ್ಲಿ ಇನ್ನೊಂದು ತಲೆ ತೂರಿಸಿದ್ದವು. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಲಿಗಳು ಹಾರ್ನ್ ಹೊಡೆಯುತ್ತ ಹಿಂಡನ್ನು ಸೀಳಿಕೊಂಡು ಹೋಗುತ್ತಿದ್ದವು. ಹಾಗೆ ಹೋದ ಒಂದು ಟ್ರಾಲಿ, ಎದ್ದು ನಿಲ್ಲಲು ಇನ್ನೂ ಕಲಿಯದ ಮರಿಗಳ ಮೇಲೆ ಹೋಗಿತ್ತು. ಡಾಂಬರಿಗೆ ಉಣ್ಣೆ ಅಂಟಿತ್ತು. ತಾಯಿಕುರಿಯೊಂದು ಆ ಉಣ್ಣೆಯನ್ನು ನೆಕ್ಕುತ್ತಿತ್ತು, ಈದ ಮರಿಯನ್ನು ನೆಕ್ಕಿ ಒಣಗಿಸುವ ಹಾಗೆ. ಸುಗಲಾಬಾಯಿ ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ರಸ್ತೆಯ ಪಕ್ಕ ಕೂತಿದ್ದಳು. ಸೆರಗು ತೊಯ್ದಿತ್ತು.

ಗೇಟಿನ ಒಳಗೆ, ಬೇವಿನ ನೆರಳಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಲ್ಯಾಣಪ್ಪ ಕೂತಿದ್ದ.

“ಬಾ ಬಾಯಿ, ಬಾ. ನಿಮ್ಮಪ್ಪನ ಮ್ಯಾಲ ನಂದೇನ ಸಿಟ್ಟಿಲ್ಲ. ಹುಡುಗ ಫೋನ್ ಮಾಡಿದ್ದ, ನಿನ್ನಿಂದ ಒಂದು ಸಣ್ಣ ಕೆಲಸ ಆಗಬೇಕಂತ. ಆದ ಕೂಡಲೇ ಗೇಟ ತಗೀತೀನಿ.”

“ಧಣ್ಯಾರ, ಅದು ಸಣ್ಣ ಕೆಲಸಲ್ಲ.”

“ದೊಡ್ಡದಿದ್ರ ನಿಂತು ಇಚಾರ ಮಾಡು. ನನಗೇನು ಗಡಿಬಿಡಿ? ನಾ ನೆರಳಾಗ ಅದೀನಿ.”

ಕಾಮಣ್ಣ ಓಡಿಬಂದ. ಹಿಂಡಿನ ಈ ತುದಿಯಿಂದ ಆ ತುದಿಗೆ ಓಡಿ ಓಡಿ ಅವನ ಬಾಯಲ್ಲಿ ಬಿಳಿ ನೊರೆ ಕಟ್ಟಿತ್ತು. “ಏನದು ಯವ್ವಾ? ಏನ ಕೇಳಾಕತ್ತಾರ ನಿನಗ?”

“ಹೆಸರು ಹಾಕು ಅಂತಾರ ಯಪ್ಪಾ. ನನ್ನ ಹೆಸರು.”

“ಅಷ್ಟs?” ಅವನ ಮುಖ ಸಡಿಲಾಯಿತು. “ನಂದೂ ಬರತದ ಅಂದಿದ್ದ್ಯಲ್ಲ, ಅದs ಏನು? ಹಾಕಬಿಡು ನನ್ನ ತಾಯಿ. ಒಳ್ಳೇದs ಆತಲ್ಲ. ನಾ ಏನೋ ತಿಳಕೊಂಡಿದ್ದೆ.”

ಅವಳಿಗೆ ಅದನ್ನು ಅಪ್ಪನಿಗೆ ತಿಳಿಸಿ ಹೇಳುವುದಿತ್ತು. ಅಷ್ಟರಲ್ಲಿ ಹಿಂದೆ ಇನ್ನೊಂದು ಟ್ರಾಲಿ ಹಾರ್ನ್ ಹೊಡೆಯಿತು. ಕಾಮಣ್ಣ ಎರಡು ಕೈ ಎತ್ತಿಕೊಂಡು ಅದರ ಮುಂದೆ ಓಡಿದ. ಮನೀಷಾ ಡಾಂಬರಿನ ಮೇಲೆ ನಿಂತೇ ಫೋನ್ ತೆರೆದಳು. ಕ್ರ್ಯಾಶ್ ನಿಂತಿದೆ. ಪರೀಕ್ಷಿಸಿದವರು: ಮನೀಷಾ ಕಾಮಣ್ಣ ಪೂಜಾರಿ. ಕಳಿಸಿದಳು.

ಕಲ್ಯಾಣಪ್ಪ ಮಗನ ಫೋನಿಗಾಗಿ ಕಾದ. ಬಂತು. ಕೇಳಿದ, “ಹಾಂ ಹಾಂ” ಎಂದ. ಜೇಬಿನಿಂದ ಬೀಗದ ಕೈ ತೆಗೆದು ಗೇಟಿನ ಮೇಲಿಂದ ಮಣ್ಣಿಗೆ ಒಗೆದ.

“ಲೇ ಕಾಮ್ಯಾ, ತಗೋ. ನಿನ್ನ ಮಗಳು ಶ್ಯಾಣ್ಯಾಕಿ ಅದಾಳ.”

ಪ್ಯಾಚ್ ಸೇರಿತು. ಆಸ್ಪತ್ರೆಯ ಸಹಿಯೂ ಬಿತ್ತು. ಅಗ್ನೇಷ್ಕಾ ಧನ್ಯವಾದ ಬರೆದಳು, ಹೆಸರು ಬಹಳ ಚೆನ್ನಾಗಿದೆ, ನಡುವಿನದು ನಿನ್ನ ಅಪ್ಪನದೇ ಎಂದು ಕೇಳಿದಳು. ಮನೀಷಾ ಆ ಪತ್ರವನ್ನು ಮುಚ್ಚಿದಳು. ಊರಿಗೆ ಹೋದಾಗ ಕಾಮಣ್ಣ ಬಿಡಲಿಲ್ಲ, ತೋರಿಸು ಎಂದು ಹಟ ಹಿಡಿದ. ಅವಳು ಫೋನಿನಲ್ಲಿ ಆ ಸಾಲು ತೆರೆದಳು.

“ಇದರಾಗ ನಂದ್ಯಾವುದವ್ವಾ?”

“ನಡುವಿಂದು.”

ಅವನು ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಅದರ ಮೇಲಿಟ್ಟ. ಪರದೆ ಸರ್ರನೆ ಸರಿದು ಹೆಸರು ಮಾಯವಾಯಿತು. ಅಂಜಿ ಕೈ ಹಿಂದೆಗೆದ. “ಅಳಿಸೀನೇನ ಮತ್ತs?”

“ಇಲ್ಲ ಯಪ್ಪಾ. ಅದು ಅಳಿಯಂಗಿಲ್ಲ.”

ಅವಳೂ ಸುಮ್ಮನೆ ಕೂತಿರಲಿಲ್ಲ. ಬೋರಿ ಕ್ಲೌಡ್‌ನಲ್ಲಿ ಯಾವ ಡಿಸ್ಕ್ ಸರಿಸಿದರೂ ಹಳೆಯದು ಮತ್ತು ಹೊಸದನ್ನು ಹೋಲಿಸಿ ನೋಡದೆ ಹಳೆಯದು ಅಳಿಯದಂತೆ ಒಂದು ಕಾವಲು ಬರೆದಿಟ್ಟಳು. ಉಳಿದ ಅರ್ಧ ಸತ್ಯವನ್ನು ಫೋನಿನಲ್ಲಿ ಬರೆದು ಕಳಿಸದೆ ಇಟ್ಟುಕೊಂಡಳು. ಅವಳ ಲೆಕ್ಕ ಕುರುಬರ ಮನೆಯ ಲೆಕ್ಕ: ಜೋಳ ಕೊಯ್ಲಾಗಲಿ. ಕೊಯ್ಲಾದರೆ ಎಲ್ಲ ಹೊಲಗಳೂ ಬಯಲು, ಎಲ್ಲ ರೈತರೂ ಕುರಿಯವನನ್ನು ಕರೆಯುವವರೇ. ಹಿಂಡು ಪಾಟೀಲನ ಗೇಟು ದಾಟಿದ ಗಳಿಗೆ ಪತ್ರ ಹೋಗಬೇಕು. ಅಲ್ಲಿಯವರೆಗೆ ಕುಲದೇವರು ಬಿರೋಬ ಕಾಯಲಿ. ಜಗತ್ತಿನ ಕಂಪ್ಯೂಟರುಗಳ ಗತಿಯನ್ನು ಅವಳು ಅಕ್ಕಲಕೋಟದ ಜೋಳದ ತೆನೆಗೆ ಕಟ್ಟಿದ್ದಳು. ಬೇರೆ ಗೂಟ ಅವಳ ಹತ್ತಿರ ಇರಲಿಲ್ಲ.

ಕೊಯ್ಲಿನ ದಿನ ಬಂತು. ಅವಳು ರಜೆ ಹಾಕಿ ಊರಿಗೆ ಹೋದಳು. ಆಚೆ ಹೊಲದಲ್ಲಿ ಕುಡುಗೋಲು ಆಡುತ್ತಿದ್ದವು. ಕಾಮಣ್ಣ ಹಿಂಡನ್ನು ಎಬ್ಬಿಸಿ, ಮೊದಲ ಟಗರನ್ನು ಗೇಟಿನಿಂದ ಹೊರಗೆ ದಾಟಿಸಿದ. ಫೋನು ಮನೀಷಾಳ ಕೈಯಲ್ಲೇ ಇತ್ತು. ಅದೇ ಹೊಡೆದುಕೊಂಡಿತು. ಉಜ್ವಲಾ.

“ಮನೀಷಾ, ಘಾತ ಆತು ನೋಡು. ಇವತ್ತ ಆಸ್ಪತ್ರಿ ಟ್ರಸ್ಟಿನವ್ರು ಬಂದಿದ್ರು, ರಿಬ್ಬನ್ ಕಟ್ ಮಾಡಾಕ. ಅವರ ಡಿಸ್ಕ್ ನಮ್ಮ ದೊಡ್ಡ ಯಂತ್ರಕ್ಕ ನಕಲು ಮಾಡೂದಿತ್ತು. ನಿನ್ನ ಹೋಲಿಸೂ ಕೆಲಸ ಭಾಳ ತಡ ಆಗಾಕತ್ತದ ಅಂತ ಸರ್ ಅದನ್ನ ಬಂದ್ ಮಾಡಿಸಿದ್ರು. ಜಾಗಾ ತುಂಬತು, ನಡುವs ನಿಲ್ಲಿಸಿದ್ರು. ಮುಗೀತು ಅಂತ ಬಂತು, ಎಲ್ಲಾರೂ ಚಪ್ಪಾಳಿ ಹೊಡದ್ರು. ಹಳೇದು ಅಳಿಸಿಬಿಟ್ಟಾರ. ಈಗ ತೆಗದ್ರ ಒಳಗ ಏನೂ ಇಲ್ಲ, ಏನೂ ಇಲ್ಲ.”

ಒಳಗೆ ಇದ್ದದ್ದು ರೋಗಿಗಳ ಲೆಕ್ಕ: ಯಾರ ದೇಹದ ಯಾವ ಜಾಗಕ್ಕೆ ಎಷ್ಟು ಕಿರಣ ಬಿಡಬೇಕು, ಎಷ್ಟು ಬಿಟ್ಟಾಗಿದೆ ಎಂಬುದು. ಆ ದಿನ ಆಸ್ಪತ್ರೆಯ ಜಗಲಿಯಲ್ಲಿ ಬೀಡಿ ಕಟ್ಟುವ ರೇವಮ್ಮ ಎಂಬ ಮುದುಕಿ ಕೂತಿದ್ದಳಂತೆ. ಕಿರಣ ಬಿಡಲು ಕತ್ತಿನ ಮೇಲೆ ಹಾಕಿದ್ದ ಶಾಯಿಯ ಗುರುತು ಅಳಿಯಬಾರದೆಂದು ವಾರಗಟ್ಟಲೆ ಕತ್ತಿಗೆ ನೀರು ಸೋಕಿಸದವಳು. ಅವಳಿಗೆ ಹೇಳಿದರು: ಮನೆಗೆ ಹೋಗಮ್ಮ, ಎಲ್ಲ ಮೊದಲಿಂದ ಆಗಬೇಕು, ಕರೆಯುತ್ತೇವೆ. ಗಂಟಲಿನ ಗೆಡ್ಡೆ ಕರೆಯುವ ತನಕ ಕಾಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಶಾಯಿ ಹಾಗೇ ಇಟ್ಟುಕೊಂಡು ಹೋದಳಂತೆ.

ಮನೀಷಾ ಆ ಹೊಲದ ಬದುವಿನಲ್ಲೇ ಉಳಿದರ್ಧವನ್ನು ಕಳಿಸಿದಳು. ನನಗೆ ಮೊದಲೇ ಗೊತ್ತಿತ್ತು, ಒತ್ತಾಯಕ್ಕೆ ಹೇಳಲಿಲ್ಲ, ದಯವಿಟ್ಟು ಪ್ಯಾಚ್ ತೆಗೆಯಿರಿ ಎಂದು ಬರೆದಳು. ಅಗ್ನೇಷ್ಕಾ ಪ್ಯಾಚನ್ನು ತೆಗೆದಳು. ತೆಗೆದದ್ದಕ್ಕೂ ಕಾರಣ ಬರೆಯಬೇಕಲ್ಲ. ‘ಪರೀಕ್ಷಿಸಿದವರು ಕೊಟ್ಟ ಮಾಹಿತಿ ಅಪ್ರಾಮಾಣಿಕವಾಗಿತ್ತು’ ಎಂದು ಬರೆದು, ಮತ್ತೊಮ್ಮೆ ಆ ಇಡೀ ಹೆಸರನ್ನು ಹಾಕಿದಳು. ಇದೂ ಅಳಿಯುವುದಿಲ್ಲ. ಮನೀಷಾಳಿಗೆ ಬೇರೆಯಾಗಿ ಬರೆದದ್ದು ಎರಡೇ ವಾಕ್ಯ: “ಇಲ್ಲಿ ನಾವು ಹೆಸರನ್ನು ನಂಬಿ ಕೆಲಸ ಮಾಡುತ್ತೇವೆ. ಇನ್ನು ಮುಂದೆ ನಮಗೆ ಏನನ್ನೂ ಕಳಿಸಬೇಡ.” ಆ ಚಾವಡಿಯಲ್ಲಿ ಎಲ್ಲರೂ ಸಮಾನರು. ಯಾರ ಕುರಿ ಯಾರ ಹೊಲದಲ್ಲಿ ಕೂತಿವೆ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಮೂರನೆಯ ದಿನ ಬೋರಿ ಕ್ಲೌಡ್‌ನ ದೊಡ್ಡ ಕೋಣೆಯಲ್ಲಿ ಆಸ್ಪತ್ರೆಯ ಡಾಕ್ಟರು, ಒಬ್ಬ ಪೊಲೀಸ್ ಸಾಹೇಬ, ಗುರುಶಾಂತ ಮತ್ತು ಕಲ್ಯಾಣಪ್ಪ ಕೂತಿದ್ದರು. ಮನೀಷಾಳನ್ನು ಗೋಡೆಗೆ ನಿಲ್ಲಿಸಿದ್ದರು. ಕಾಮಣ್ಣನನ್ನು ಊರಿಂದ ಪಾಟೀಲನೇ ಜೀಪಿನಲ್ಲಿ ಕರೆತಂದಿದ್ದ. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಹೊರಗೆ ನಿಂತಿದ್ದ. ಒಳಗಿನ ಮರಾಠಿ, ಇಂಗ್ಲಿಷ್ ಮಾತು ಅವನಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ.

“ನಾ ಹೇಳಿದ್ದೆ ಸರ್, ನಿಮಗs ಹೇಳಿದ್ದೆ,” ಎಂದಳು ಮನೀಷಾ ಮರಾಠಿಯಲ್ಲೇ. “ಎರಡನೇ ಸಾಲು ಅಳಿಸಿದವ್ರು ನೀವು. ಕುರಿ ರಸ್ತೇಕ್ಕ ಹಾಕಿಸಿದವ್ರು ನೀವು.”

“ಕುರೀದೇನು ಸಂಬಂಧ ಇದಕ್ಕ?” ಎಂದ ಪೊಲೀಸ್ ಸಾಹೇಬ, ನಿಜವಾಗಿಯೂ ಅರ್ಥವಾಗದೆ.

“ನೋಡ್ರಿ ಸಾಹೇಬ್ರ,” ಎಂದ ಗುರುಶಾಂತ ಮೆತ್ತಗೆ. “ತಾನs ಒಪ್ಪಿಕೊಂಡು ಬರದಾಳ, ಮೊದಲs ಗೊತ್ತಿತ್ತಂತ. ಯಾವಾಗ ಬರದಾಳ? ಎಲ್ಲಾ ಹಾಳಾದ ಮ್ಯಾಲ. ಊರ ಹುಡುಗಿ ಅಂತ ನಂಬಿದೆ, ಅದs ನನ್ನ ತಪ್ಪು.” ಆಮೇಲೆ ಗೋಡೆಯ ಪರದೆಯ ಮೇಲೆ ಆ ಸಾಲನ್ನು ದೊಡ್ಡದು ಮಾಡಿ ತೋರಿಸಿದ. ಶಾಲೆಯ ಗುರೂಜಿಯ ಹಾಗೆ, ಒಂದಕ್ಷರವನ್ನೂ ನುಂಗದೆ, ಗಟ್ಟಿಯಾಗಿ ಓದಿದ.

“ಮನೀಷಾ. ಕಾಮಣ್ಣ. ಪೂಜಾರಿ.”

ಪೊಲೀಸ್ ಸಾಹೇಬ ಬರೆದುಕೊಂಡ. “ಕಾಮಣ್ಣ ಯಾರು? ಅಪ್ಪನೇನು? ಬಂದಾನೇನು?”

ಕಲ್ಯಾಣಪ್ಪ ಕುರ್ಚಿಯಲ್ಲೇ ಬಾಗಿಲ ಕಡೆ ತಿರುಗಿದ. “ಕಾಮಣ್ಣಾ,” ಎಂದು ಕರೆದ. “ಒಳಗ ಬಾ ಕಾಮಣ್ಣಾ. ಸಾಹೇಬ್ರು ನಿನ್ನ ಕೇಳಾಕತ್ತಾರ.”

ಕಾಮಣ್ಣ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಚಪ್ಪಲಿಯನ್ನು ಗೋಡೆಯ ಬುಡಕ್ಕೆ ಇಟ್ಟು, ಪಟಕಾ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಒಳಗೆ ಬಂದ. ಪರದೆಯ ಮೇಲಿನ ಸಾಲು ನೋಡಿದ. ನಡುವಿನದು ಯಾವುದೆಂದು ಅವನಿಗೆ ಗೊತ್ತಿತ್ತು.

“ನಾನs ರಿ ಸಾಹೇಬ್ರ,” ಎಂದ. “ಅದು ನಂದs ಹೆಸರು.”

ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಅವನು ಮಗಳ ಕಡೆ ತಿರುಗಿ ನಕ್ಕ.